ಹದಿನಾಲ್ಕು ಕೋಟಿ ಹಿರಿಯರಿಗೆ ನಾಲ್ಕೂಕಾಲು ಕೆ.ಜಿ. ಸಕ್ಕರೆ

ಎಪ್ಪತ್ತು ತುಂಬಿದವರೊಬ್ಬರು ಈವರೆಗೆ ಎಷ್ಟು ಸಲ ಉಸಿರೆಳೆದಿರಬಹುದು? ನಿಮಿಷಕ್ಕೆ 14 ಸಲ ಎಂದು ಹಿಡಿದರೂ ದಿನಕ್ಕೆ 20,000 ದಾಟುತ್ತದೆ. ವರ್ಷಕ್ಕೆ 73 ಲಕ್ಷ, ಎಪ್ಪತ್ತು ವರ್ಷಕ್ಕೆ 51 ಕೋಟಿ. ಒಂದು ಉಸಿರಿಗೆ ಅರ್ಧ ಲೀಟರ್ ಗಾಳಿಯಂತೆ, 25 ಕೋಟಿ ಲೀಟರಿಗೂ ಮಿಕ್ಕಿದ ಗಾಳಿ ಆ ಎದೆಯನ್ನು ಹೊಕ್ಕು ಹೊರಬಂದಿದೆ. ಬೀದಿಯ ಧೂಳು, ಒಲೆಯ ಹೊಗೆ, ಬಸ್ಸಿನಲ್ಲಿ ಪಕ್ಕದವರು ಕೆಮ್ಮಿದ ತುಂತುರು ಎಲ್ಲವೂ ಅದರೊಡನೆ ಬಂದಿವೆ.

ಈ ಗಾಳಿ ಹೋಗಿ ಸೇರುವ ಜಾಗದ ಲೆಕ್ಕ ಇನ್ನೂ ದೊಡ್ಡದು. ಗಂಟಲಿನಿಂದ ಇಳಿದ ಶ್ವಾಸನಾಳ ಎರಡಾಗಿ, ನಾಲ್ಕಾಗಿ, ಎಂಟಾಗಿ ಸುಮಾರು 23 ಸಲ ಕವಲೊಡೆಯುತ್ತದೆ. ಕೊನೆಯ ಕವಲುಗಳಲ್ಲಿ ಗಾಳಿಚೀಲಗಳು ಗೊಂಚಲು ಗೊಂಚಲಾಗಿ ತೂಗುತ್ತವೆ. ಆರು ಮಂದಿ ವಯಸ್ಕರ ಶ್ವಾಸಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಈ ಚೀಲಗಳನ್ನು ಎಣಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಸಿಕ್ಕ ಸರಾಸರಿ 48 ಕೋಟಿ. ಅವುಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ 750 ಚದರ ಅಡಿ. ಮೈಯ ಚರ್ಮವೆಲ್ಲ ಸೇರಿದರೂ ಎರಡು ಚದರ ಮೀಟರ್ ದಾಟುವುದಿಲ್ಲ. ಹೊರ ಜಗತ್ತಿಗೆ ನಾವು ಅತಿ ಹೆಚ್ಚು ತೆರೆದುಕೊಂಡಿರುವುದು ಚರ್ಮದಲ್ಲಲ್ಲ, ಎದೆಯೊಳಗೆ.

ಅಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಒಂದು ಮೈಕ್ರಾನ್‌ಗಿಂತ ತೆಳುವಾಗಿದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಆಮ್ಲಜನಕ ದಾಟಬೇಕಾದರೆ ಗೋಡೆ ಅಷ್ಟು ತೆಳುವಾಗಿರಲೇಬೇಕು. ಹಿರಿಯರ ಪಾಲಿಗೆ ಬಹಳ ಅಪಾಯಕಾರಿಯಾದ ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ಅಗಲ ಹೆಚ್ಚು ಕಡಿಮೆ ಒಂದು ಮೈಕ್ರಾನ್. ಶತ್ರುವಿನ ಗಾತ್ರದಷ್ಟೂ ದಪ್ಪವಿಲ್ಲದ ಕೋಟೆಗೋಡೆಯ ಹಿಂದೆ ನಾವೆಲ್ಲ ಬದುಕಿದ್ದೇವೆ. ಎಪ್ಪತ್ತು ವರ್ಷ ಆ ಗೋಡೆ ಹಿಡಿದು ನಿಂತಿತೆಂದರೆ ಒಳಗಿನ ಕಾವಲು ಎಷ್ಟು ಗಟ್ಟಿಯಾಗಿರಬೇಕು! ಆ ಕಾವಲು ವಯಸ್ಸಿನೊಂದಿಗೆ ಸಡಿಲವಾಗುತ್ತದೆ. ನ್ಯುಮೋನಿಯಾ ಲಸಿಕೆ ಹಾಕಿಸಬೇಕೋ ಬೇಡವೋ ಎಂಬ ಮಾತು ಹುಟ್ಟುವುದು ಅಲ್ಲಿಂದ.

ಐದು ದಿನದ ಗಡುವು

ನ್ಯುಮೊಕಾಕಸ್ಸನ್ನು 1881ರಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್, ಅಮೆರಿಕದಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್ ಬೇರೆ ಬೇರೆಯಾಗಿಯೇ ಕಂಡುಹಿಡಿದರು. ಅನುಕೂಲ ಸಿಕ್ಕರೆ ಇದು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲದು. ಆ ವೇಗದಲ್ಲಿ ಒಂದು ಬ್ಯಾಕ್ಟೀರಿಯಾ ಹತ್ತು ಗಂಟೆಯಲ್ಲಿ 10 ಲಕ್ಷ ದಾಟುತ್ತದೆ, ಹದಿನೈದು ಗಂಟೆಯಲ್ಲಿ 107 ಕೋಟಿ. ದೇಹದೊಳಗೆ ಅದಕ್ಕೆ ಇಷ್ಟು ಆರಾಮ ಸಿಗುವುದಿಲ್ಲ, ಬಿಳಿ ರಕ್ತಕಣಗಳು ನುಂಗುತ್ತಲೇ ಇರುತ್ತವೆ. ಆದರೆ ನುಂಗುವ ವೇಗ ಬೆಳೆಯುವ ವೇಗಕ್ಕಿಂತ ಕಡಿಮೆಯಾದರೆ ಮುಂದಿನದು ಗಂಟೆಗಳ ಲೆಕ್ಕ.

ಪೆನಿಸಿಲಿನ್ ಬಂದ ಮೇಲೆ ಈ ಭಯ ಮುಗಿಯಿತೆಂದು ಜಗತ್ತು ನಂಬಿತ್ತು. 1940ರ ದಶಕದಲ್ಲೇ ಅಮೆರಿಕದಲ್ಲಿ ನ್ಯುಮೊಕಾಕಸ್ ಲಸಿಕೆ ತಯಾರಾಗಿ ಮಾರುಕಟ್ಟೆಗೂ ಬಂದಿತ್ತು. ಔಷಧ ಇರುವಾಗ ಲಸಿಕೆ ಯಾಕೆ ಎಂದು ಯಾರೂ ಕೊಳ್ಳಲಿಲ್ಲ, ಕಂಪನಿ ಹಿಂತೆಗೆದುಕೊಂಡಿತು. ಆಗ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಕಿಂಗ್ಸ್ ಕೌಂಟಿ ಆಸ್ಪತ್ರೆಯಲ್ಲಿ ರಾಬರ್ಟ್ ಆಸ್ಟ್ರಿಯನ್ ಎಂಬ ವೈದ್ಯರು ಹತ್ತು ವರ್ಷದ ರೋಗಿಗಳ ಲೆಕ್ಕ ಇಟ್ಟರು. 1964ರಲ್ಲಿ ಜೆರೋಮ್ ಗೋಲ್ಡ್ ಜೊತೆ ಅವರು ಪ್ರಕಟಿಸಿದ ಸಂಗತಿ ವೈದ್ಯಲೋಕವನ್ನು ಎಚ್ಚರಿಸಿತು. ಪೆನಿಸಿಲಿನ್ ಬಹಳ ಜನರನ್ನು ಉಳಿಸುತ್ತದೆ, ನಿಜ. ಆದರೆ ಬ್ಯಾಕ್ಟೀರಿಯಾ ರಕ್ತಕ್ಕಿಳಿದವರಲ್ಲಿ, ಕಾಯಿಲೆ ಶುರುವಾದ ಮೊದಲ ಐದು ದಿನದೊಳಗೆ ಸಾಯುವವರ ಪ್ರಮಾಣವನ್ನು ಅದು ಇಳಿಸಿಯೇ ಇರಲಿಲ್ಲ. ಔಷಧ ತಲುಪುವಷ್ಟರಲ್ಲಿ ಹಾನಿ ಆಗಿಹೋಗಿರುತ್ತಿತ್ತು.

ಹಿರಿಯರ ವಿಷಯದಲ್ಲಿ ಈ ಗಡುವು ಇನ್ನೂ ಬಿಗಿ. ಯುವಕರಿಗೆ ನ್ಯುಮೋನಿಯಾ ಬಂದರೆ ಚಳಿಜ್ವರ, ಕೆಮ್ಮು, ಎದೆನೋವು ಮನೆಯವರನ್ನು ಎಬ್ಬಿಸಿಬಿಡುತ್ತವೆ. ಎಂಬತ್ತರ ಅಜ್ಜಿಗೆ ಎಷ್ಟೋ ಸಲ ಜ್ವರವೇ ಬರುವುದಿಲ್ಲ. ಊಟ ಸೇರುವುದಿಲ್ಲ, ಮಾತು ಗೊಂದಲವಾಗುತ್ತದೆ, ಎದ್ದು ಓಡಾಡಲಾರರು, ಒಮ್ಮೆ ಬೀಳುತ್ತಾರೆ. ವಯಸ್ಸಾಯಿತಲ್ಲ ಎಂದು ಮನೆಯವರು ಎರಡು ದಿನ ಕಾಯುತ್ತಾರೆ. ಐದರಲ್ಲಿ ಎರಡು ದಿನ ಅಲ್ಲೇ ಕಳೆಯುತ್ತದೆ. ಕಾಯಿಲೆ ಬಂದ ಮೇಲೆ ನೋಡೋಣ ಎಂಬ ಮಾತು ಈ ರೋಗದ ಮುಂದೆ ನಿಲ್ಲದಿರುವುದು ಇದಕ್ಕೇ.

ನೂರು ಬಣ್ಣದ ಅಂಗಿ

ಈ ಸಣ್ಣ ಜೀವಿ ಇಷ್ಟು ಬಲಶಾಲಿಯಾದದ್ದು ಮೈಮೇಲಿನ ಸಕ್ಕರೆಯಿಂದ. ಸಕ್ಕರೆಯ ಸರಪಳಿಗಳಿಂದಾದ ಹೊದಿಕೆಯೊಂದು ಅದನ್ನು ಸುತ್ತಿರುತ್ತದೆ. ಹೊದಿಕೆಯಿದ್ದರೆ ಬಿಳಿ ರಕ್ತಕಣಕ್ಕೆ ಹಿಡಿತ ಸಿಗುವುದಿಲ್ಲ, ಹೊದಿಕೆ ಕಳಚಿದರೆ ಬ್ಯಾಕ್ಟೀರಿಯಾ ಹೆಚ್ಚು ಕಡಿಮೆ ನಿರುಪದ್ರವಿ. 1928ರಲ್ಲಿ ಲಂಡನ್ನಿನ ಫ್ರೆಡರಿಕ್ ಗ್ರಿಫಿತ್ ಹೊದಿಕೆಯಿಲ್ಲದ ಜೀವಂತ ಬ್ಯಾಕ್ಟೀರಿಯಾವನ್ನೂ ಹೊದಿಕೆಯುಳ್ಳ ಸತ್ತ ಬ್ಯಾಕ್ಟೀರಿಯಾವನ್ನೂ ಒಟ್ಟಿಗೆ ಇಲಿಗಳಿಗೆ ಚುಚ್ಚಿದರು. ಇಲಿಗಳು ಸತ್ತವು. ಬದುಕಿದ್ದ ಬ್ಯಾಕ್ಟೀರಿಯಾ ಸತ್ತದ್ದರಿಂದ ಹೊದಿಕೆ ಹೊಲಿಯುವ ವಿದ್ಯೆ ಕಲಿತಿತ್ತು. ಆ ವಿದ್ಯೆಯನ್ನು ಹೊತ್ತೊಯ್ದ ವಸ್ತು ಯಾವುದೆಂದು ಹುಡುಕಿದ ಆಸ್ವಾಲ್ಡ್ ಏವರಿ ಮತ್ತು ಸಂಗಡಿಗರು 1944ರಲ್ಲಿ ಕೊಟ್ಟ ಉತ್ತರ ಡಿಎನ್ಎ. ವಂಶವಾಹಿ ಡಿಎನ್ಎಯಲ್ಲಿದೆ ಎಂಬ ತಿಳಿವು ಮನುಷ್ಯಕುಲಕ್ಕೆ ಬಂದದ್ದು ನ್ಯುಮೋನಿಯಾದ ಬೆನ್ನು ಹತ್ತಿ ಹೋದಾಗ.

ಹೊದಿಕೆಯ ಸಕ್ಕರೆ ಒಂದೇ ಬಗೆಯದಲ್ಲ. ಈವರೆಗೆ ಗುರುತಿಸಿದ ಬಗೆಗಳು 100 ದಾಟಿವೆ. ಒಂದರ ವಿರುದ್ಧ ದೇಹ ಕಲಿತ ಪಾಠ ಇನ್ನೊಂದಕ್ಕೆ ಸಾಮಾನ್ಯವಾಗಿ ಉಪಯೋಗವಿಲ್ಲ. ಹಾಗಾಗಿ ಯಾವ ಊರಿನಲ್ಲಿ ಯಾವ ಬಗೆ ಹೆಚ್ಚೆಂದು ಲೆಕ್ಕವಿಡುವ ಕೆಲಸ ನಿರಂತರ ನಡೆಯಬೇಕು. ನಮ್ಮಲ್ಲಿ ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೂ ಆ ಕೆಲಸ ಮಾಡಿದೆ. ಲಸಿಕೆಗಳ ಹೆಸರಿನ ಜೊತೆಗಿರುವ 13, 15, 20, 21, 23 ಎಂಬ ಅಂಕಿಗಳ ಅರ್ಥವೂ ಇಷ್ಟೇ: ನೂರಕ್ಕೂ ಮಿಕ್ಕಿದ ಬಗೆಗಳಲ್ಲಿ ಎಷ್ಟನ್ನು ಆ ಲಸಿಕೆ ಕಲಿಸಿಕೊಡುತ್ತದೆ ಎಂಬುದು.

ಈ ಹೊದಿಕೆಯ ಸಕ್ಕರೆಯಿಂದಲೇ ಮಾಡಿದ ಲಸಿಕೆಯನ್ನು ಆಸ್ಟ್ರಿಯನ್ ಪರೀಕ್ಷಿಸಿದ್ದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ. ದೂರದ ಊರುಗಳಿಂದ ಬಂದು ಇಕ್ಕಟ್ಟಿನ ಕೊಠಡಿಗಳಲ್ಲಿ ಮಲಗುತ್ತಿದ್ದ ಗಣಿ ಕಾರ್ಮಿಕರು ಈ ರೋಗಕ್ಕೆ ಗುಂಪು ಗುಂಪಾಗಿ ಬಲಿಯಾಗುತ್ತಿದ್ದರು. 1911ರಲ್ಲೇ ಆಲ್ಮ್‌ರಾತ್ ರೈಟ್ ಅಲ್ಲಿ ಮೊದಲ ಲಸಿಕೆಯ ಪ್ರಯೋಗ ಮಾಡಿದ್ದರು. 1970ರ ದಶಕದಲ್ಲಿ ಆಸ್ಟ್ರಿಯನ್ ನಡೆಸಿದ ಪರೀಕ್ಷೆಗಳು ಗೆದ್ದವು. 1977ರಲ್ಲಿ 14 ಬಗೆಗಳ, 1983ರಲ್ಲಿ 23 ಬಗೆಗಳ ಲಸಿಕೆ ಬಂತು. 23ರ ಲಸಿಕೆ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಒಂದೊಂದು ಬಗೆಯ ಸಕ್ಕರೆ 25 ಮೈಕ್ರೋಗ್ರಾಂ, ಒಟ್ಟು 575.

ಆದರೆ ಬರೀ ಸಕ್ಕರೆಯನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ಬಹುಕಾಲ ನೆನಪಿಡುವುದಿಲ್ಲ. ಅದಕ್ಕೆ ಪ್ರೋಟೀನಿನ ಜೊತೆ ಬೇಕು. ಮುಂದಿನ ಪೀಳಿಗೆಯ ಲಸಿಕೆಗಳಲ್ಲಿ ವಿಜ್ಞಾನಿಗಳು ಆ ಜೊತೆಗಾರನಾಗಿ ಆರಿಸಿದ್ದು ಡಿಫ್ತೀರಿಯಾದ ವಿಷವನ್ನು! ಈ ವಿಷದ ಒಂದೇ ಒಂದು ಅಣು ಜೀವಕೋಶದೊಳಗೆ ಇಳಿದರೆ ಆ ಕೋಶ ಸಾಯಬಲ್ಲದು. ಅದರಲ್ಲಿ 535 ಅಮೈನೋ ಆಮ್ಲಗಳ ಸರಣಿಯಿದೆ. 52ನೆಯ ಜಾಗದಲ್ಲಿ ಒಂದೇ ಒಂದು ಬದಲಾದರೆ ವಿಷ ವಿಷವಾಗಿ ಉಳಿಯುವುದಿಲ್ಲ. ಹೀಗೆ ಹಲ್ಲು ಕಿತ್ತ ವಿಷದ ಬೆನ್ನಿಗೆ ನ್ಯುಮೊಕಾಕಸ್ಸಿನ ಸಕ್ಕರೆಯನ್ನು ಕಟ್ಟಿದಾಗ ದೇಹ ಆ ಸಕ್ಕರೆಯನ್ನೂ ಗಟ್ಟಿಯಾಗಿ ನೆನಪಿಟ್ಟುಕೊಳ್ಳುತ್ತದೆ.

ಈ ಉಪಾಯದಿಂದ ಬೇಕಾಗುವ ಸಕ್ಕರೆಯೂ ಇಳಿಯಿತು. 13 ಬಗೆಗಳ ಸಂಯೋಜಿತ ಲಸಿಕೆಯಲ್ಲಿ ಹನ್ನೆರಡು ಬಗೆಗಳು ತಲಾ 2.2 ಮೈಕ್ರೋಗ್ರಾಂ, ಒಂದು ಬಗೆ 4.4. ಒಟ್ಟು 30.8 ಮೈಕ್ರೋಗ್ರಾಂ. ಚಹಾಕ್ಕೆ ಹಾಕುವ ಸಕ್ಕರೆಯ ಒಂದು ಹರಳಿನಲ್ಲಿ ಇದರ ಎಷ್ಟೋ ಪಟ್ಟು ತೂಕವಿರುತ್ತದೆ. ದೇಶದಲ್ಲಿ 60 ದಾಟಿದವರು 2021ರ ಹೊತ್ತಿಗೆ 13.8 ಕೋಟಿ ಎಂದು ಸರ್ಕಾರದ ಅಂಕಿಅಂಶ ಇಲಾಖೆಯ ವರದಿ ಅಂದಾಜಿಸಿತ್ತು. ಅಷ್ಟೂ ಜನಕ್ಕೆ ಒಂದೊಂದು ಡೋಸ್ ಕೊಡಲು ಬೇಕಾದ ಆ ಸಕ್ಕರೆಯನ್ನೆಲ್ಲ ಒಂದೇ ತಕ್ಕಡಿಗೆ ಹಾಕಿದರೆ ತೂಗುವುದು ನಾಲ್ಕೂಕಾಲು ಕೆ.ಜಿ. ಇಡೀ ದೇಶದ ಮುದುಕ ಮುದುಕಿಯರಿಗೆಲ್ಲ ಸಾಲುವ ಪಾಠ ಒಂದು ಕೈಚೀಲದಲ್ಲಿ ಹಿಡಿಸುತ್ತದೆ.

ಎರಡು ನಲವತ್ತೊಂದು

ಇನ್ನು ಮುಖ್ಯ ಪ್ರಶ್ನೆ. ಈ ಲಸಿಕೆ ಎಷ್ಟು ಕಾಪಾಡುತ್ತದೆ?

ಉತ್ತರಕ್ಕಾಗಿ ನೆದರ್ಲೆಂಡ್ಸ್ ದೇಶದಲ್ಲಿ ಸಂಶೋಧಕರು 84,496 ಹಿರಿಯರನ್ನು ಒಂದುಗೂಡಿಸಿದರು. ಎಲ್ಲರೂ 65 ದಾಟಿದವರು, ತಮ್ಮ ಮನೆಗಳಲ್ಲಿ ಓಡಾಡಿಕೊಂಡಿದ್ದವರು. ಅರ್ಧ ಜನಕ್ಕೆ 13 ಬಗೆಗಳ ಲಸಿಕೆ, ಇನ್ನರ್ಧಕ್ಕೆ ಔಷಧವಿಲ್ಲದ ಚುಚ್ಚುಮದ್ದು. ಯಾರಿಗೆ ಯಾವುದೆಂದು ಅವರಿಗೂ ತಿಳಿಯದು, ಚುಚ್ಚಿದವರಿಗೂ ತಿಳಿಯದು. ಸರಾಸರಿ ನಾಲ್ಕು ವರ್ಷ ಕಾದು ನೋಡಿದರು. 2015ರಲ್ಲಿ ಫಲಿತಾಂಶ ಬಂತು. ಲಸಿಕೆಯಲ್ಲಿರುವ ಬಗೆಗಳಿಂದ ನ್ಯುಮೋನಿಯಾ ಬಂದವರು ಔಷಧವಿಲ್ಲದ ಗುಂಪಿನಲ್ಲಿ 90, ಲಸಿಕೆಯ ಗುಂಪಿನಲ್ಲಿ 49. ಶೇಕಡಾ 45ಕ್ಕೂ ಹೆಚ್ಚು ಇಳಿಕೆ. ಅದೇ ಬಗೆಗಳು ರಕ್ತದಂಥ ಸೂಕ್ಷ್ಮ ಭಾಗಗಳಿಗೆ ನುಗ್ಗಿ ತರುವ ಘೋರ ರೂಪದ ರೋಗ 28ರಿಂದ 7ಕ್ಕೆ ಬಂತು, ಶೇಕಡಾ 75 ಇಳಿಕೆ.

ಅದೇ ಅಂಕಿಗಳನ್ನು ಇನ್ನೊಂದು ಕಡೆಯಿಂದಲೂ ನೋಡಲೇಬೇಕು. 90ರಿಂದ 49 ಕಳೆದರೆ 41. ನಲವತ್ತೆರಡು ಸಾವಿರ ಜನಕ್ಕೆ ಲಸಿಕೆ ಹಾಕಿದಾಗ ನಾಲ್ಕು ವರ್ಷದಲ್ಲಿ ತಪ್ಪಿದ್ದು ಆ ಬಗೆಗಳ 41 ನ್ಯುಮೋನಿಯಾ. ಅಂದರೆ ಸುಮಾರು ಸಾವಿರ ಜನಕ್ಕೆ ಒಬ್ಬರು. ಎಲ್ಲ ಕಾರಣಗಳ ನ್ಯುಮೋನಿಯಾವನ್ನೂ ಸೇರಿಸಿ ಎಣಿಸಿದಾಗ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ, ಒಟ್ಟು ಸಾವುಗಳಲ್ಲೂ ಕಾಣಲಿಲ್ಲ. ನ್ಯುಮೋನಿಯಾ ತರುವ ವೈರಸ್ಸುಗಳೂ ಬ್ಯಾಕ್ಟೀರಿಯಾಗಳೂ ಹತ್ತಾರು. ಈ ಲಸಿಕೆ ಅವುಗಳಲ್ಲಿ ಒಂದರ ಕೆಲವು ಬಗೆಗಳಿಗೆ ಮಾತ್ರ ಬಾಗಿಲು ಹಾಕುತ್ತದೆ. ಚುಚ್ಚಿಸಿಕೊಂಡರೆ ಇನ್ನು ನ್ಯುಮೋನಿಯಾ ಬರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು.

ಈಗ ಜಪಾನಿಗೆ ಬನ್ನಿ. ಅಲ್ಲಿನ ವೃದ್ಧಾಶ್ರಮಗಳ 1,006 ಹಿರಿಯರ ಮೇಲೆ 23 ಬಗೆಗಳ ಹಳೆಯ ಲಸಿಕೆಯ ಪರೀಕ್ಷೆ ನಡೆದು 2010ರಲ್ಲಿ ಪ್ರಕಟವಾಯಿತು. ಲಸಿಕೆ ಪಡೆಯದ 504 ಜನರಲ್ಲಿ 104 ಮಂದಿಗೆ ನ್ಯುಮೋನಿಯಾ, ಪಡೆದ 502 ಜನರಲ್ಲಿ 63 ಮಂದಿಗೆ. ನ್ಯುಮೊಕಾಕಸ್ಸಿನಿಂದಲೇ ಬಂದ ನ್ಯುಮೋನಿಯಾಕ್ಕೆ ಲಸಿಕೆ ಪಡೆಯದವರಲ್ಲಿ 13 ಜನ ತೀರಿಕೊಂಡರು, ಪಡೆದವರಲ್ಲಿ ಒಬ್ಬರೂ ಇಲ್ಲ. ಒಟ್ಟು ಸಾವುಗಳಲ್ಲಿ ಗಣನೀಯ ವ್ಯತ್ಯಾಸ ಇಲ್ಲಿಯೂ ಇರಲಿಲ್ಲ.

104ರಿಂದ 63 ಕಳೆಯಿರಿ. ಮತ್ತೆ 41!

ಲಸಿಕೆ ಬೇರೆ, ಎಣಿಸಿದ ರೀತಿಯೂ ಬೇರೆ. ಅಲ್ಲಿ ಲಸಿಕೆಯ ಬಗೆಗಳನ್ನಷ್ಟೇ ಎಣಿಸಿದ್ದರು, ಇಲ್ಲಿ ಎಲ್ಲ ನ್ಯುಮೋನಿಯಾವನ್ನೂ. ಎರಡನ್ನೂ ಸಮ ಎನ್ನಲಾಗದು. ಆದರೂ ಈ ಎರಡು ನಲವತ್ತೊಂದರ ನಡುವಿನ ದೂರ ಬೆರಗು ಹುಟ್ಟಿಸುತ್ತದೆ. ಒಂದು 41 ಸಿಕ್ಕಿದ್ದು 42,000 ಜನರ ಮಧ್ಯೆ, ಇನ್ನೊಂದು 500 ಜನರ ಮಧ್ಯೆ. ಗಟ್ಟಿಮುಟ್ಟಾಗಿ ಸೈಕಲ್ ತುಳಿಯುವ ಡಚ್ ಅಜ್ಜನಿಗೆ ಸಾವಿರಕ್ಕೊಂದು ಲಾಭ. ಹಾಸಿಗೆ, ಗಾಲಿಕುರ್ಚಿಗಳ ನಡುವೆ ಬದುಕುವ ಜಪಾನಿನ ಅಜ್ಜಿಗೆ ಹನ್ನೆರಡು ಹದಿಮೂರು ಜನಕ್ಕೊಂದು. ಲಸಿಕೆ ಎಷ್ಟು ಉಪಯೋಗ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನೀವು ಈ ಎರಡು ನಲವತ್ತೊಂದರಲ್ಲಿ ಯಾವುದಕ್ಕೆ ಹತ್ತಿರ ಎಂಬುದೇ ಉತ್ತರ.

ವಯಸ್ಸು ಒಂದೇ ಮನುಷ್ಯನನ್ನು ಆ ಕಡೆಯಿಂದ ಈ ಕಡೆಗೆ ಹೇಗೆ ತಳ್ಳುತ್ತದೆ ಎಂಬುದಕ್ಕೂ ಲೆಕ್ಕವಿದೆ. 2010ರಿಂದ 2012ರವರೆಗೆ ಅಮೆರಿಕದ ಷಿಕಾಗೊ ಮತ್ತು ನ್ಯಾಶ್‌ವಿಲ್ ನಗರಗಳ ಐದು ಆಸ್ಪತ್ರೆಗಳಲ್ಲಿ ನ್ಯುಮೋನಿಯಾದಿಂದ ದಾಖಲಾದವರನ್ನು ಎಣಿಸಿದರು. ವರ್ಷಕ್ಕೆ ಪ್ರತಿ 10,000 ಜನರಲ್ಲಿ, 50 ದಾಟದ ವಯಸ್ಕರು 6.7. ಐವತ್ತರಿಂದ 64ರವರು 26.3. ಅರವತ್ತೈದರಿಂದ 79ರವರು 63. ಎಂಬತ್ತು ದಾಟಿದವರು 164.3. ಐವತ್ತು ದಾಟದ ಮಗನಿಗಿಂತ ಎಂಬತ್ತು ದಾಟಿದ ತಂದೆಗೆ ಅಪಾಯ ಇಪ್ಪತ್ತನಾಲ್ಕು ಪಟ್ಟು. ಇದರ ಮೇಲೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ದಮ್ಮು, ಮೂತ್ರಪಿಂಡದ ಕಾಯಿಲೆ, ಬೀಡಿ ಸಿಗರೇಟು, ಕ್ಯಾನ್ಸರ್ ಚಿಕಿತ್ಸೆ, ಗುಲ್ಮ ತೆಗೆಸಿಕೊಂಡಿರುವುದು ಇವುಗಳಲ್ಲಿ ಯಾವುದು ಸೇರಿದರೂ ಅಪಾಯ ಇನ್ನಷ್ಟು ಏರುತ್ತದೆ. ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿತು. ನಮ್ಮಲ್ಲಿ ಎಷ್ಟು ಮನೆಗಳ ಹಿರಿಯರು ನಿಜಕ್ಕೂ ಆ ಡಚ್ ಅಜ್ಜನ ಗುಂಪಿನವರು?

ಮೊಮ್ಮಕ್ಕಳಿಗೆ ಸಿಕ್ಕಿತು, ಅಜ್ಜ ಅಜ್ಜಿಗೆ?

ನ್ಯುಮೋನಿಯಾ ಎಂದರೆ ನಮ್ಮ ಮನಸ್ಸಿಗೆ ಹಸುಗೂಸುಗಳ ಚಿತ್ರವೇ ಬರುತ್ತದೆ. ಜಗತ್ತಿನ ಲೆಕ್ಕ ಬೇರೆ ಹೇಳುತ್ತದೆ. 2016ರಲ್ಲಿ ನ್ಯುಮೋನಿಯಾ ಮತ್ತು ಶ್ವಾಸಕೋಶದ ಅಂಥ ಸೋಂಕುಗಳಿಂದ ಸತ್ತವರು ಸುಮಾರು 23.8 ಲಕ್ಷ ಎಂದು ಜಾಗತಿಕ ರೋಗಭಾರದ ಅಧ್ಯಯನ ಅಂದಾಜಿಸಿತು. ಅದರಲ್ಲಿ ಐದು ವರ್ಷದೊಳಗಿನ ಮಕ್ಕಳು 6.5 ಲಕ್ಷ. ಎಪ್ಪತ್ತು ದಾಟಿದವರು 10.8 ಲಕ್ಷ.

ಮಕ್ಕಳಿಗಾಗಿ ನಮ್ಮ ದೇಶ ದೊಡ್ಡ ಕೆಲಸವನ್ನೇ ಮಾಡಿದೆ. 2017ರಲ್ಲಿ ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶಗಳ ಕೆಲ ಭಾಗಗಳಲ್ಲಿ ಶುರುವಾದ ಉಚಿತ ನ್ಯುಮೊಕಾಕಸ್ ಲಸಿಕೆ 2021ರಲ್ಲಿ ಇಡೀ ದೇಶಕ್ಕೆ ಹರಡಿತು. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು, ಹೀಗೆ ಮೂರು ಡೋಸ್. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ 10 ಬಗೆಗಳ ಲಸಿಕೆಯನ್ನು ಇಲ್ಲೇ ತಯಾರಿಸಿತು. ಮಕ್ಕಳ ಮೂಗು ಗಂಟಲಿನಲ್ಲಿ ಈ ಬ್ಯಾಕ್ಟೀರಿಯಾ ಸದ್ದಿಲ್ಲದೆ ಮನೆ ಮಾಡಿರುತ್ತದೆ. ಮೊಮ್ಮಗುವಿಗೆ ಏನೂ ಆಗದೆ, ಎತ್ತಿ ಮುದ್ದಾಡಿದ ಅಜ್ಜನಿಗೆ ದಾಟಬಹುದು. ಅದರಿಂದಲೇ ಮಕ್ಕಳ ಲಸಿಕೆ ಹಿರಿಯರನ್ನೂ ಕಾಯುತ್ತದೆ. ಅಮೆರಿಕದಲ್ಲಿ 2000ದಲ್ಲಿ ಮಕ್ಕಳಿಗೆ 7 ಬಗೆಗಳ ಲಸಿಕೆ ಕೊಡತೊಡಗಿದ ಮೇಲೆ, 2007ರ ಹೊತ್ತಿಗೆ 65 ದಾಟಿದವರಲ್ಲಿ ಆ ಏಳು ಬಗೆಗಳ ಘೋರ ರೋಗ ಶೇಕಡಾ 92ರಷ್ಟು ಇಳಿದಿತ್ತು. ಚುಚ್ಚಿದ್ದು ಮಕ್ಕಳ ತೊಡೆಗೆ, ಉಳಿದದ್ದು ಅಜ್ಜ ಅಜ್ಜಿಯರ ಉಸಿರು. ಆದರೆ ಖಾಲಿಯಾದ ಜಾಗಕ್ಕೆ ಬೇರೆ ಬಗೆಗಳು ಬರತೊಡಗಿದವು. 15, 20, 21 ಬಗೆಗಳ ಹೊಸ ಲಸಿಕೆಗಳು ಒಂದರ ಹಿಂದೊಂದು ಬರುತ್ತಿರುವುದು ಅವನ್ನು ಹಿಂಬಾಲಿಸಿಯೇ.

ಹಿರಿಯರಿಗೆ ಮಾತ್ರ ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಇದು ಇಲ್ಲ. ಸ್ವಂತ ದುಡ್ಡಿನಲ್ಲಿ, ಡೋಸಿಗೆ ಕೆಲವು ಸಾವಿರ ರೂಪಾಯಿ ಕೊಟ್ಟು ಹಾಕಿಸಿಕೊಳ್ಳಬೇಕು. 45 ದಾಟಿದ 72,000ಕ್ಕೂ ಹೆಚ್ಚು ಭಾರತೀಯರನ್ನು 2017–18ರಲ್ಲಿ ಮಾತಾಡಿಸಿದ ಸಮೀಕ್ಷೆಯಲ್ಲಿ ನ್ಯುಮೊಕಾಕಸ್ ಲಸಿಕೆ ಹಾಕಿಸಿಕೊಂಡಿದ್ದವರು ಶೇಕಡಾ 0.6. ಸಾವಿರಕ್ಕೆ ಆರು ಜನ! ಕೂಡಿ ಆಲೋಚಿಸಿ ಬೇಡವೆಂದವರು ಇಷ್ಟೊಂದು ಜನ ಇರಲಾರರು. ಬಹುಪಾಲು ಹಿರಿಯರ ಮುಂದೆ ಯಾರೂ ಈ ಪ್ರಶ್ನೆಯನ್ನೇ ಇಟ್ಟಿಲ್ಲ.

ಡಚ್ಚರ ಸಾವಿರಕ್ಕೊಂದು ಎಂಬ ಅತಿ ಸಣ್ಣ ಲಾಭವನ್ನೇ ಲೆಕ್ಕದ ಮಾತಿಗೆ ನಮ್ಮ 13.8 ಕೋಟಿಗೆ ಗುಣಿಸಿ. ನಾಲ್ಕು ವರ್ಷದಲ್ಲಿ ತಪ್ಪುವ ನ್ಯುಮೋನಿಯಾ 1.3 ಲಕ್ಷ ಮೀರುತ್ತದೆ. ನಮ್ಮ ನೆಲದ ರೋಗ, ವಯಸ್ಸು, ಬಗೆಗಳು ಬೇರೆಯಾದ್ದರಿಂದ ನಿಜವಾದ ಅಂಕಿ ಇದೇ ಆಗಿರಬೇಕಿಲ್ಲ. ಆದರೆ ಒಬ್ಬರ ಕಣ್ಣಿಗೆ ಕಾಣಿಸದಷ್ಟು ಸಣ್ಣ ಲಾಭ ದೇಶದ ಅಳತೆಯಲ್ಲಿ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಆಳುವವರು ನೋಡಲೇಬೇಕು. ಪಿಂಚಣಿಯ ಹಣದಲ್ಲಿ ತಿಂಗಳ ಮಾತ್ರೆಯನ್ನೇ ಹೊಂದಿಸಲಾಗದ ಹಿರಿಯರಿಗೆ, ಅದರಲ್ಲೂ ಕಾಯಿಲೆಯಿರುವವರಿಗೆ, ಸರ್ಕಾರಿ ಆಸ್ಪತ್ರೆಯಲ್ಲಿ ಈ ಲಸಿಕೆ ಉಚಿತವಾಗಿ ಸಿಗುವಂತಾಗಬೇಕೆಂದು ನಾನು ದೃಢವಾಗಿ ನಂಬುತ್ತೇನೆ.

ಮನೆಯ ಮಟ್ಟಿಗೆ ತೀರ್ಮಾನ ಹೀಗಿರಲಿ ಎಂಬುದು ನನ್ನ ಮಾತು. ಅಪ್ಪ ಅಮ್ಮನಿಗೆ 65 ದಾಟಿದ್ದು ಮೇಲೆ ಹೇಳಿದ ಕಾಯಿಲೆಗಳಲ್ಲಿ ಒಂದಾದರೂ ಇದ್ದರೆ, ಕೈಲಾಗುವ ಖರ್ಚಾದರೆ, ಹಾಕಿಸಿ. ಆರೋಗ್ಯವಾಗಿದ್ದರೆ ಲಾಭ ಸಣ್ಣದೆಂದು ತಿಳಿದೇ ನಿರ್ಧರಿಸಿ, ಎಂಬತ್ತರ ಹತ್ತಿರ ಬಂದಷ್ಟೂ ಲೆಕ್ಕ ಲಸಿಕೆಯ ಕಡೆ ವಾಲುತ್ತದೆ. ಎಲ್ಲರಿಗೂ ಈ ಲಸಿಕೆ ಹಾಕಿಸಿಕೊಳ್ಳಲು ಸಲಹೆ ಮಾಡುವ ವಯಸ್ಸನ್ನು ಅಮೆರಿಕ 2024ರ ಅಕ್ಟೋಬರಿನಲ್ಲಿ 65ರಿಂದ 50ಕ್ಕೆ ಇಳಿಸಿತು. ವೈದ್ಯರ ಬಳಿ ಹೋದಾಗ ಮೂರು ವಿಷಯ ಕೇಳಿ: ಸಿಗುವ ಲಸಿಕೆ ಎಷ್ಟು ಬಗೆಗಳದು, ಒಂದೇ ಡೋಸ್ ಸಾಕೋ ಅಥವಾ ವರ್ಷದ ನಂತರ 23ರ ಲಸಿಕೆಯೂ ಬೇಕೋ, ಪ್ರತಿ ವರ್ಷದ ಫ್ಲೂ ಲಸಿಕೆಯನ್ನೂ ಅಂದೇ ಹಾಕಬಹುದೋ. 20 ಅಥವಾ 21 ಬಗೆಗಳದ್ದಾದರೆ ಸಾಮಾನ್ಯವಾಗಿ ಒಂದೇ ಸಲ ಸಾಕು. ತೋಳು ಒಂದೆರಡು ದಿನ ನೋಯಬಹುದು, ಮೈ ಬೆಚ್ಚಗಾಗಬಹುದು. ಇದರಲ್ಲಿ ಜೀವಂತ ಬ್ಯಾಕ್ಟೀರಿಯಾ ಇಲ್ಲ, ಆದ್ದರಿಂದ ಲಸಿಕೆಯಿಂದಲೇ ನ್ಯುಮೋನಿಯಾ ಬರುವ ಪ್ರಶ್ನೆಯಿಲ್ಲ. ಹಿಂದೆ ಯಾವುದಾದರೂ ಲಸಿಕೆಗೆ ತೀವ್ರ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ. ಜ್ವರವಿದ್ದರೆ ಇಳಿಯುವವರೆಗೆ ಕಾಯಿರಿ.

ಹಾಕಿಸಿದ ಮೇಲೆ ದೇಹ ಪಾಠ ಕಲಿಯಲು ಎರಡು ಮೂರು ವಾರ ಬೇಕು. ಹಾಗಾಗಿ ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ಕೇಳುವ ಪ್ರಶ್ನೆ ಇದಲ್ಲ. ಹಿರಿಯರು ಚೆನ್ನಾಗಿದ್ದು, ತಮ್ಮ ಬೇಕು ಬೇಡಗಳನ್ನು ತಾವೇ ಹೇಳಬಲ್ಲವರಾಗಿರುವಾಗ, ಅಂಕಿಗಳನ್ನೆಲ್ಲ ಅವರ ಮುಂದಿಟ್ಟು ಕೇಳಬೇಕಾದ ಪ್ರಶ್ನೆ. ಹಾಕಿಸಿಕೊಳ್ಳಲಿ, ಬಿಡಲಿ, ಆ ತೀರ್ಮಾನ ತಿಳಿದು ಮಾಡಿದ್ದಾಗಿರಬೇಕು, ಮತ್ತು ಅದು ಅವರದೇ ಆಗಿರಬೇಕು.